ಕ್ಯೋಟೋದಲ್ಲಿ ಹೋಟ್ಲಿನೋರು ಕೈ ಅಡ್ಡ ಹಿಡಿದು ಕಳಿಸಿಬಿಟ್ರು. ಜಪಾನ್ ನೋಡಿರೋರು ಹೇಳಿ, ಇದು ಅವಮಾನನಾ?

ಜಯನಗರ_ನಾಲ್ಕನೇ_ಬ್ಲಾಕ್:
ಏಪ್ರಿಲ್‌ನಲ್ಲಿ ಅಮ್ಮನ್ನ ಕರ್ಕೊಂಡು ಹನ್ನೊಂದು ದಿನ ಜಪಾನ್ ಸುತ್ತಿ ಬಂದೆ. ಟೋಕಿಯೋ, ಹಕೋನೆ, ಕ್ಯೋಟೋ, ನಾರಾ, ಕೊನೆಗೆ ಒಸಾಕಾ. ಎಲ್ಲಾ ಚೆನ್ನಾಗೇ ಆಯ್ತು, ಒಂದು ವಿಷಯ ಬಿಟ್ಟು.

ಕ್ಯೋಟೋದಲ್ಲಿ ನಿಶಿಕಿ ಮಾರ್ಕೆಟ್ ಹತ್ರ ಒಂದು ಸಂದೀಲಿ ಪುಟ್ಟ ನೂಡಲ್ಸ್ ಹೋಟ್ಲು. ಬಾಗಿಲಿಗೆ ನೀಲಿ ಬಟ್ಟೆ ಇಳಿಬಿಟ್ಟಿದ್ರು, ಒಳಗೆ ಎಂಟೇ ಕುರ್ಚಿ, ಅದ್ರಲ್ಲಿ ನಾಲ್ಕು ಖಾಲಿ. ಅಮ್ಮ ಮೊಟ್ಟೆ ಕೂಡ ತಿನ್ನಲ್ಲ. ನಾನು ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ "ಮಾಂಸ, ಮೀನು, ಮೊಟ್ಟೆ ಇಲ್ಲದ್ದು ಏನಾದ್ರೂ ಸಿಗತ್ತಾ" ಅಂತ ತೋರಿಸ್ದೆ. ಯಜಮಾನ್ರಿಗೆ ಅರವತ್ತರ ಮೇಲಾಗಿರ್ಬೇಕು. ಓದಿದ್ರು, ಅಮ್ಮನ ಮುಖ ನೋಡಿದ್ರು, ಎರಡೂ ಕೈ ಎದೆ ಮುಂದೆ ಕತ್ತರಿ ಥರ ಅಡ್ಡ ಹಿಡಿದು ತಲೆ ಬಗ್ಗಿಸಿಬಿಟ್ರು. ಮುಗೀತು.

ಅಮ್ಮಂಗೆ ತುಂಬಾ ಬೇಜಾರಾಯ್ತು. "ಹೊಟ್ಟೆ ಹಸ್ಕೊಂಡು ಬಂದೋರನ್ನ ಹೊಸ್ತಿಲಿಂದಾನೇ ಕಳಿಸ್ತಾರಲ್ಲೋ" ಅಂತ. ಆವತ್ತು ರಾತ್ರಿ ರೂಮಲ್ಲಿ ಬಿಸಿ ಮಾಡೋ ಅನ್ನದ ಡಬ್ಬಿಗೆ ಮನೆಯಿಂದ ತಂದಿದ್ದ ಚಟ್ನಿಪುಡಿ ಕಲಸ್ಕೊಂಡು ತಿಂದು ಮಲಗಿದ್ವಿ. ಈಗ ಯಾರ ಮನೆ ಗೃಹಪ್ರವೇಶಕ್ಕೆ ಹೋದ್ರೂ ಫ್ಯೂಜಿ ಪರ್ವತ ಇಲ್ಲ, ಬುಲೆಟ್ ಟ್ರೇನ್ ಇಲ್ಲ, ಈ ಕತೆ ಒಂದೇ. ನಿಜವಾಗ್ಲೂ ನಾವು ಹೊರಗಿನೋರು ಅಂತ ಹಾಗೆ ಮಾಡಿದ್ರಾ?

ಒಗ್ಗರಣೆ_ಡಬ್ಬಿ:
ಅಲ್ಲಿ ಕೈ ಅಡ್ಡ ಹಿಡಿಯೋದು ಅಂದ್ರೆ "ಇಲ್ಲ" ಅಂತ ಗುರು, ಅಷ್ಟೇ. ಬತ್ಸು ಅಂತಾರೆ. ಸ್ಕೂಲ್ ಮಕ್ಕಳೂ ಮಾಡ್ತಾರೆ.

ನಿಶಿಕಸಾಯಿ_ನಿವಾಸಿ:
ಟೋಕಿಯೋದಲ್ಲಿ ಒಂಬತ್ತು ವರ್ಷದಿಂದ ಇದೀನಿ, ಹೇಳ್ತೀನಿ ಕೇಳಿ. ಸಮಸ್ಯೆ ನಿಮ್ಮ ಅಮ್ಮಂದೂ ಅಲ್ಲ ಯಜಮಾನರದ್ದೂ ಅಲ್ಲ, ದಾಶಿದು. ದಾಶಿ ಅಂದ್ರೆ ಅಡುಗೆಗೆ ಮೂಲವಾದ ತಿಳಿ ಕಟ್ಟು. ನಮ್ಮಲ್ಲಿ ಬೇಳೆಕಟ್ಟು ಇಟ್ಕೊಂಡು ಸಾರು ಮಾಡಲ್ವಾ ಹಾಗೆ, ಅವರಲ್ಲಿ ಕೊಂಬು ಅನ್ನೋ ಸಮುದ್ರದ ಪಾಚಿ ಮತ್ತೆ ಕತ್ಸುಒಬುಶಿ, ಅಂದ್ರೆ ಹೊಗೆಯಲ್ಲಿ ಒಣಗಿಸಿ ಮರದ ತುಂಡಿನಷ್ಟು ಗಟ್ಟಿ ಮಾಡಿದ ಮೀನನ್ನ ಹೆರೆದು ಹಾಕಿ ಕುದಿಸಿ ಸೋಸ್ತಾರೆ. ನೂಡಲ್ಸ್ ಸಾರು, ಅದ್ದಿ ತಿನ್ನೋ ಸಾಸು, ಮಿಸೋ ಸೂಪು, ಬೇಯಿಸಿದ ಮೂಲಂಗಿ, ಎಲ್ಲದರಲ್ಲೂ ಅದೇ. ಬೆಳಿಗ್ಗೆ ಒಂದು ಪಾತ್ರೆ ಇಳಿಸಿಟ್ರೆ ಇಡೀ ದಿನಕ್ಕೆ ಅದೇ. ಎಂಟು ಕುರ್ಚಿ ಹೋಟ್ಲಲ್ಲಿ ನಿಮಗೋಸ್ಕರ ಬೇರೆ ಪಾತ್ರೆ ಇಡಕ್ಕೆ ಆಗಲ್ಲ.

ಅವರು ಸುಮ್ನೆ ತೋಫು (ಸೋಯಾ ಪನೀರ್) ಹಾಕಿದ ಉದೋನ್ ನೂಡಲ್ಸ್ ಕೊಟ್ಟು "ವೆಜ್" ಅಂದುಬಿಟ್ಟಿದ್ರೆ ನಿಮಗೆ ಗೊತ್ತೂ ಆಗ್ತಿರಲಿಲ್ಲ. ಅಮ್ಮ ಹೊಟ್ಟೆ ತುಂಬಾ ಉಂಡು "ದೇವರಂಥ ಮನುಷ್ಯ" ಅಂತ ಗೃಹಪ್ರವೇಶದಲ್ಲಿ ಹೇಳ್ಕೊಂಡು ತಿರುಗ್ತಿದ್ರು.

ಪುಟ್ಟಕ್ಕ_ಮೈಸೂರು:
ಅಯ್ಯೋ ರಾಮ!! ನಾನು ಹತ್ತು ದಿನ ಮಿಸೋ ಸೂಪ್ ಕುಡಿದು ಬಂದಿದೀನಿ, ಸೋಯಾ ತಾನೇ ಅಂತ 🙈

ಒಗ್ಗರಣೆ_ಡಬ್ಬಿ:
@ಪುಟ್ಟಕ್ಕ ಇನ್ನು ಏನೂ ಮಾಡಕ್ಕಾಗಲ್ಲ ಬಿಡಿ, ಜೀರ್ಣ ಆಗಿದೆ.

ಖಡಕ್_ರೊಟ್ಟಿ:
ನಮ್ಮ ಕಡಿ ಮಂದಿಗೆ ಹೊಟ್ಟಿದ್ದ ದೊಡ್ಡ ಚಿಂತಿ ನೋಡ್ರಿ ಅಲ್ಲಿ. ನಾ ಹುಬ್ಬಳ್ಳಿಯಿಂದ ಎರಡು ಡಜನ್ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡು ಹೋಗಿದ್ದೆ, ಯಾರ ಮುಂದೂ ಕೈ ಚಾಚಲಿಲ್ಲ. ಆದ್ರ ಟ್ರೇನಿನಾಗ ಒಂದು ಪಜೀತಿ ಆತು. ಸಂಜಿ ಏಳರ ಹೊತ್ತು, ಟೋಕಿಯೋದಾಗಿನ ಯಾಮನೋತೆ ಲೈನ್ ಟ್ರೇನ್, ನಿಲ್ಲಾಕ ಜಾಗಿಲ್ಲ, ಆದ್ರ ಒಂದ ಒಂದು ದನಿ ಇಲ್ಲ, ಯಾರೋ ಸತ್ತಾರೇನೋ ಅನ್ನೂವಂಗ. ಅಷ್ಟರಾಗ ನಮ್ಮ ಕಾಕಾನ ಫೋನ್ ಬಂತು. ನಮ್ಮ ಕಾಕಾ ಫೋನಿನ್ಯಾಗ ಮಾತಾಡಿದ್ರ ಫೋನೇ ಬ್ಯಾಡ, ಅಷ್ಟು ದನಿ. ನಾನೂ ರೂಢಿ ಮ್ಯಾಲೆ "ಹಲೋ, ಹೇಳ್ ಕಾಕಾ, ಜಪಾನಿನ್ಯಾಗ ಅದೇನಿ" ಅಂತ ಒದರಿದೆ. ಯಾರೂ ಏನೂ ಅನ್ನಲಿಲ್ರಿ. ಮುಂದಿನ ಹೆಣ್ಮಗಳು ಕಣ್ಣು ಮುಚಗೊಂಡಳು, ಬಾಜೂದವ ಅರ್ಧ ಹೆಜ್ಜಿ ಸರದ. ಬೈದಿದ್ರ ಪಾಡಿತ್ತು.

ಬಿಡದಿ_ಟು_ಟೊಯೋತಾ:
@ಖಡಕ್ ರೊಟ್ಟಿ 😂😂 ಅರ್ಧ ಹೆಜ್ಜೆ ಸರಿಯೋದು ಅಲ್ಲಿ ಅತಿ ದೊಡ್ಡ ಬೈಗುಳ.

ನಾನು ಬಿಡದಿ ಹತ್ರ ಬಿಡಿಭಾಗ ಮಾಡೋ ಫ್ಯಾಕ್ಟರಿಲಿ ಕೆಲಸ, ಟ್ರೈನಿಂಗ್‌ಗೆ ಅಂತ ಆರು ತಿಂಗಳು ಐಚಿ ಪ್ರಾಂತ್ಯದಲ್ಲಿದ್ದೆ. ಮೊದಲನೇ ವಾರ ಮೀಟಿಂಗಲ್ಲಿ ಒಂದು ಐಡಿಯಾ ಹೇಳ್ದೆ. ನಮ್ಮ ಸೀನಿಯರ್ ಹಲ್ಲಿನ ಸಂದೀಲಿ ಸ್ಸ್... ಅಂತ ಗಾಳಿ ಎಳ್ಕೊಂಡು, ಕತ್ತು ಓರೆ ಮಾಡಿ "ಚೊತ್ತೊ..." ಅಂದ್ರು. ಡಿಕ್ಷನರಿ ನೋಡಿದ್ರೆ "ಸ್ವಲ್ಪ" ಅಂತ. ಸ್ವಲ್ಪ ಏನು? ವಾಕ್ಯ ಮುಗಿಸ್ಲೇ ಇಲ್ಲ! ನಾನು ಎರಡು ವಾರ ಆ ಐಡಿಯಾ ಮೇಲೆ ಕೆಲಸ ಮಾಡ್ದೆ. ಆಮೇಲೆ ಅಲ್ಲೇ ಇದ್ದ ತಮಿಳು ಹುಡುಗ ಹೇಳ್ದ, ಚೊತ್ತೊ ಅಂದ್ರೆ ಆಗಲ್ಲ ಅಂತ ಅರ್ಥ ಮಾರಾಯಾ ಅಂತ. ನಮ್ಮೂರಲ್ಲಿ ಮಗಳಿಗೆ ಗಂಡು ಕೇಳ್ಕೊಂಡು ಬಂದಾಗ "ನೋಡೋಣ" ಅಂತೀವಲ್ಲ, ಥೇಟ್ ಅದೇ. ಆಮೇಲೆ ನಂಗೆ ಜಪಾನ್ ಸಲೀಸಾಯ್ತು ನೋಡಿ.

ಅದಕ್ಕೇ ನಂಗೆ ಈ ಯಜಮಾನ್ರು ನೇರವಾಗಿ ಕೈ ಅಡ್ಡ ಹಿಡಿದಿದ್ದು ಒಂದು ಉಪಕಾರ ಅನ್ಸತ್ತೆ. ಭಾಷೆ ಬರದೋರಿಗೆ ಚೊತ್ತೊ ಅಂದಿದ್ರೆ ನೀವು ಕುರ್ಚಿ ಎಳ್ಕೊಂಡು ಕೂತುಬಿಡ್ತಿದ್ರಿ.

ಸುಮ್ನೆ_ಕೇಳ್ದೆ:
ಎಲ್ಲಾನೂ ಮೀನಿನ ಸಾರಿನ ಮೇಲೆ ಹಾಕಿ ತಪ್ಪಿಸ್ಕೋಬೇಡ್ರಪ್ಪ. ಜಪಾನ್ ಅಂದ ತಕ್ಷಣ ಎಲ್ರೂ ಭಜನೆ ಶುರು ಮಾಡ್ತೀರ. ಅಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ. ನಾನು ಒಸಾಕಾದಲ್ಲಿ ಏಳು ಮನೆ ಕೇಳ್ದೆ, ಐದು ಕಡೆ ಬ್ರೋಕರ್ ಮಾಲೀಕರಿಗೆ ಫೋನ್ ಮಾಡಿ "ಗೈಕೊಕುಜಿನ್" ಅಂದ, ಅಂದ್ರೆ ವಿದೇಶಿ ಅಂತ, ಆಮೇಲೆ ನನ್ನ ಕಡೆ ತಿರುಗಿ ಸಾರಿ ಅಂದ. ಇದು ನನ್ನ ಒಬ್ಬನ ಗೋಳಲ್ಲ. ಅವರದೇ ನ್ಯಾಯ ಇಲಾಖೆ ಸರ್ವೆ ಮಾಡಿ 2017ರಲ್ಲಿ ಬಿಟ್ಟಿತ್ತು, ಮನೆ ಹುಡುಕಿದ ವಿದೇಶಿಯರಲ್ಲಿ ನೂರಕ್ಕೆ ಸುಮಾರು 40 ಜನಕ್ಕೆ ವಿದೇಶಿ ಅನ್ನೋ ಕಾರಣಕ್ಕೇ ಇಲ್ಲ ಅಂದಿದ್ರು. ಟೂರಿಸ್ಟ್ ಆಗಿ ಹೋಗಿ ಹತ್ತು ದಿನ ಬಗ್ಗಿ ಬಗ್ಗಿ ನಮಸ್ಕಾರ ಮಾಡಿಸ್ಕೊಂಡು ಬರೋದು ಬೇರೆ, ಅಲ್ಲಿ ಬದುಕೋದು ಬೇರೆ.

ಪುಟ್ಟಕ್ಕ_ಮೈಸೂರು:
ಬೆಂಗಳೂರಲ್ಲಿ "ವೆಜ್ ಫ್ಯಾಮಿಲಿಗೆ ಮಾತ್ರ" ಅಂತ ಟು ಲೆಟ್ ಬೋರ್ಡ್ ನೋಡಿಲ್ವಾ ನೀವು? ಬ್ಯಾಚುಲರ್ ಬೇಡ, ಮುಸ್ಲಿಂ ಬೇಡ, ನಾರ್ತ್‌ಈಸ್ಟ್‌ನೋರು ಬೇಡ. ನಾವು ಯಾವ ಮುಖ ಇಟ್ಕೊಂಡು ಕೇಳೋದು.

ಸುಮ್ನೆ_ಕೇಳ್ದೆ:
ಇಲ್ಲಿ ತಪ್ಪು ಅಂದ್ರೆ ಅಲ್ಲೂ ತಪ್ಪೇ ಅಲ್ವಾ ಮೇಡಂ. ನಾನು ಹೇಳಿದ್ದೂ ಅದೇ.

ನಿಶಿಕಸಾಯಿ_ನಿವಾಸಿ:
@ಸುಮ್ನೆ ಕೇಳ್ದೆ ಮನೆ ವಿಷಯ ಒಪ್ತೀನಿ, ನಂಗೂ ಆಗಿದೆ, ಅದಕ್ಕೇ ನಮ್ಮೋರೆಲ್ಲ ಟೋಕಿಯೋದ ಎದೊಗಾವಾ ಕಡೆ ಒಟ್ಟಿಗೆ ಸೇರ್ಕೊಂಡಿರೋದು. ಆದ್ರೆ ಆ ಹೋಟ್ಲು ಬೇರೆ ಕೇಸು. ಯಜಮಾನ್ರು ಫೋನ್ ತೋರಿಸೋಕೆ ಮುಂಚೇನೇ ಬೇಡ ಅಂದಿದ್ರೆ ನಿಮ್ಮ ಮಾತು. ಅವರು ಪೂರ್ತಿ ಓದಿದಾರೆ.

ಕಡಲ_ಬದಿಯ_ಭಟ್ಟ:
ಎಂತ ಮಾರಾಯ್ರೆ ಎಲ್ಲರೂ ಊಟದಲ್ಲೇ ಇದ್ದೀರಿ. ಬಿಸಿನೀರಿನ ಸ್ನಾನದ ಕತೆ ಯಾರೂ ಹೇಳುವುದಿಲ್ವಾ? ನಾನು ಕುಸಾತ್ಸುಗೆ ಹೋದದ್ದು. ಗಂಧಕದ ನೀರು, ಊರಿಡೀ ಕೊಳೆತ ಮೊಟ್ಟೆ ವಾಸನೆ. ಸ್ನಾನದ ಮನೆಗೆ ಹೋದೆ, ಬಟ್ಟೆ ಪೂರ್ತಿ ತೆಗೀಬೇಕು ಅಂತ ಓದಿದ್ದೆ, ಆದರೆ ಮನಸ್ಸು ಬರ್ಬೇಕಲ್ಲ, ಬರ್ಮುಡಾ ಹಾಕಿಕೊಂಡೇ ಒಳಗೆ ಹೋದೆ. ಅಲ್ಲಿ ಎಂಬತ್ತು ವರ್ಷದ ಒಬ್ಬರು ಅಜ್ಜ, ತಲೆ ಮೇಲೆ ಚಿಕ್ಕ ಟವೆಲ್ ಮಡಚಿ ಇಟ್ಟುಕೊಂಡು ನೀರಲ್ಲಿ ಕೂತಿದ್ದವರು, ನನ್ನ ಬರ್ಮುಡಾ ನೋಡಿ ಒಂದು ಬೆರಳು ಎತ್ತಿದರು. ನಾನು ವಾಪಸ್ಸು ಹೋಗಿ ತೆಗೆದು ಬಂದೆ. ಸೀದ ನೀರಿಗೆ ಕಾಲು ಇಡ್ಲಿಕ್ಕೆ ಹೊರಟೆ, ಮತ್ತೆ ಬೆರಳು! ಗೋಡೆ ಬದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಸ್ಟೂಲ್ ಉಂಟು, ಮಣೆಗಿಂತ ಸ್ವಲ್ಪ ಎತ್ತರ, ಅದರಲ್ಲಿ ಕೂತು ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಆಮೇಲೆ ನೀರಿಗೆ. ತೊಳೆದೆ. ಇಳಿದೆ. ಟವೆಲನ್ನು ನೀರಲ್ಲಿ ಅದ್ದಿದೆ, ಮೂರನೇ ಸಲ ಬೆರಳು. ಅಜ್ಜ ತನ್ನ ತಲೆ ತೋರಿಸಿದರು. ನಾನೂ ತಲೆ ಮೇಲೆ ಇಟ್ಟೆ. ಆಗ ನಕ್ಕರು. ಅಷ್ಟು ಹೊತ್ತಿಗೆ ನಾಚಿಕೆ ಎಲ್ಲಿ ಹೋಯ್ತೋ ದೇವರಿಗೇ ಗೊತ್ತು.

ಖಡಕ್_ರೊಟ್ಟಿ:
ಅಜ್ಜನ ಬೆರಳು 🙏🙏

ಪುಟ್ಟಕ್ಕ_ಮೈಸೂರು:
@ಜಯನಗರ ಹಕೋನೆಗೆ ಹೋಗಿದ್ವಿ ಅಂದ್ರಲ್ಲ, ಅಮ್ಮ ನೀರಿಗೆ ಇಳಿದ್ರಾ?

ಜಯನಗರ_ನಾಲ್ಕನೇ_ಬ್ಲಾಕ್:
ಹೆಂಗಸರ ಕಡೆ ಕೆಂಪು ಪರದೆ ತನಕ ಹೋಗಿ ಇಣುಕಿ ಓಡಿ ಬಂದ್ರು. "ಆ ಯಪ್ಪ ಕೃಷ್ಣಪರಮಾತ್ಮನೇ ಬಂದು ಸೀರೆ ಕೊಡ್ತೀನಿ ಅಂದ್ರೂ ನಾನು ಒಳಗೆ ಹೋಗಲ್ಲ" ಅಂತ. ಕೊನೆಗೆ ಕಾಲು ಮಾತ್ರ ಇಳಿಬಿಡೋ ತೊಟ್ಟಿ ಇತ್ತು, ಅಶಿಯು ಅಂತೆ, ಅಲ್ಲಿ ಒಂದು ಗಂಟೆ ಕೂತ್ರು. ಪಕ್ಕದಲ್ಲಿ ಕೂತಿದ್ದ ಜಪಾನಿ ಹೆಂಗಸು ಇವರ ಕಾಲುಂಗುರ ತೋರಿಸಿ ಏನೋ ಕೇಳಿದ್ರು, ಅಮ್ಮ ಕನ್ನಡದಲ್ಲೇ ಮದುವೆ ಕತೆ ಪೂರ್ತಿ ಹೇಳಿದ್ರು, ಆಯಮ್ಮ "ಹೇ...ಎ...ಎ" ಅಂತ ರಾಗವಾಗಿ ತಲೆ ಆಡಿಸ್ತಿದ್ರು. ಇಬ್ಬರಿಗೂ ಏನರ್ಥ ಆಯ್ತೋ.

ಕನ್ನಡ_ಜಪಾನಿ_ಹುಚ್ಚ:
ಅರ್ಥ ಆಗಿರತ್ತೆ, ಯಾಕಂದ್ರೆ ಎರಡೂ ಭಾಷೆ ಒಂದೇ ತಾಳದ್ದು 😄 ನಿಜವಾಗ್ಲೂ, ಇಂಗ್ಲಿಷ್ ಮೂಲಕ ಜಪಾನಿ ಕಲಿತು ಒದ್ದಾಡ್ಬೇಡಿ. "ತಿಂದು ನೋಡು" ಅನ್ನೋದಕ್ಕೆ ತಬೆತೆ ಮಿರು. ತಬೆತೆ ಅಂದ್ರೆ ತಿಂದು, ಮಿರು ಅಂದ್ರೆ ನೋಡು. ಅವರೂ ನಮ್ಮ ಹಾಗೆ ಬಾಯಲ್ಲೇ ನೋಡ್ತಾರೆ! "ಬರ್ತೀನಿ ಅಂತ ಹೇಳ್ದ" ಅನ್ನೋದು ಕುರು ತೊ ಇತ್ತಾ. ಆ ತೊ ನಮ್ಮ "ಅಂತ". "ತಿಂದುಬಿಟ್ಟೆ"ಗೆ ತಬೆತೆ ಶಿಮತ್ತಾ, ನಮ್ಮ "ಬಿಡು" ಹೇಗೆ ಅಯ್ಯೋ ಅನ್ನೋ ಭಾವ ತರತ್ತೋ ಅದೂ ಹಾಗೇ. ನಾನು ಮನಸ್ಸಲ್ಲಿ ಕನ್ನಡ ವಾಕ್ಯ ಮಾಡ್ಕೊಂಡು ಪದ ಬದಲಾಯಿಸ್ತಾ ಹೋದೆ, ಒಂದು ವರ್ಷಕ್ಕೆ ಜಪಾನಿ ಭಾಷಾ ಪರೀಕ್ಷೆಯ ಎನ್4 ಹಂತ ಪಾಸ್.

ಅವರ ಅಕ್ಷರಮಾಲೆ ಕೂಡ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಅಂದ್ರೆ ದ್ರಾವಿಡ ಮೂಲ ಅಂತ ಸಾಬೀತಾಯ್ತಲ್ಲ.

ಒಗ್ಗರಣೆ_ಡಬ್ಬಿ:
ಇಲ್ಲ ಸ್ವಾಮಿ, ಸಾಬೀತಾಗಿಲ್ಲ. ಅಕ್ಷರದ ಕ್ರಮ ಬಂದಿರೋದು ಬೌದ್ಧರ ಜೊತೆ ಹೋದ ಸಂಸ್ಕೃತದ ವರ್ಣಮಾಲೆಯಿಂದ, ಅದಕ್ಕೂ ದ್ರಾವಿಡಕ್ಕೂ ಸಂಬಂಧ ಇಲ್ಲ. ಸುಸುಮು ಓನೋ ಅನ್ನೋ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ಬರೆದ್ರು, ಭಾಷಾಶಾಸ್ತ್ರದವರು ಹೆಚ್ಚಿನೋರು ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರೋ ಭಾಷೆ ಪ್ರಪಂಚದಲ್ಲಿ ಬೇಕಾದಷ್ಟಿವೆ, ಕೊರಿಯನ್ ಇಲ್ವಾ, ಟರ್ಕಿಶ್ ಇಲ್ವಾ. ಕಲಿಯೋಕೆ ಸುಲಭ ಅನ್ನಿ, ನಂಟಸ್ತಿಕೆ ಕಟ್ಟಬೇಡಿ.

ಕನ್ನಡ_ಜಪಾನಿ_ಹುಚ್ಚ:
ಚೊತ್ತೊ...

ಬಿಡದಿ_ಟು_ಟೊಯೋತಾ:
😂😂😂

ಒಂಟಿ_ಸಲಗಿ:
ಹುಡುಗಿ ಒಬ್ಳೇ ಹೋಗಿದ್ದ ಲೆಕ್ಕದಲ್ಲಿ ನಂದೊಂದು. ರಾತ್ರಿ ಹನ್ನೊಂದಕ್ಕೆ ಒಬ್ಳೇ ನಡ್ಕೊಂಡು ರೂಮಿಗೆ ಬಂದೆ, ಹಿಂದೆ ತಿರುಗಿ ನೋಡೋ ಅಭ್ಯಾಸ ಮೂರನೇ ದಿನಕ್ಕೆ ಬಿಟ್ಟುಹೋಯ್ತು. ಹಾಗಂತ ಸ್ವರ್ಗ ಅಂತ ಬರೀಬೇಡಿ ಪ್ಲೀಸ್. ಬೆಳಗಿನ ರಶ್‌ನಲ್ಲಿ ಹೆಂಗಸರಿಗೇ ಅಂತ ಬೇರೆ ಬೋಗಿ ಇರೋದು ಸುಮ್ನೆ ಅಲ್ಲ, ಟ್ರೇನಲ್ಲಿ ಕೈ ಹಾಕೋ ಗಂಡಸರ ಕಾಟಕ್ಕೆ. ಅದಕ್ಕೆ ಚಿಕಾನ್ ಅಂತ ಜಪಾನಿ ಪದವೇ ಇದೆ, ಸ್ಟೇಷನ್ ಗೋಡೆ ಮೇಲೆ ಎಚ್ಚರಿಕೆ ಪೋಸ್ಟರ್ ಇರತ್ತೆ. ಅಲ್ಲಿ ಮಾರೋ ಹೆಚ್ಚಿನ ಫೋನಲ್ಲಿ ಕ್ಯಾಮೆರಾ ಕ್ಲಿಕ್ ಶಬ್ದ ಆಫ್ ಮಾಡಕ್ಕಾಗಲ್ಲ, ಕದ್ದು ಫೋಟೋ ತೆಗೆಯೋರಿಂದಾಗಿ. ಹೊರಗಡೆ ಎಷ್ಟು ನಿಶ್ಶಬ್ದ ಅಂದ್ರೆ ತೊಂದ್ರೆ ಆದೋಳೂ ಕೂಗಲ್ಲ ಅನ್ನೋದು ಅಲ್ಲಿನ ಗೆಳತಿ ಹೇಳಿದ ಮಾತು.

ಖಡಕ್_ರೊಟ್ಟಿ:
ಇದು ಖರೇ ಮಾತು. ಸುಮ್ಮನಿರೂದು ಯಾವಾಗ್ಲೂ ಸಂಸ್ಕೃತಿ ಅಲ್ಲ.

ಬಾಳೆಸಿಪ್ಪೆ:
ಕಸದ ಬುಟ್ಟಿ ಬಗ್ಗೆ ಯಾರೂ ಹೇಳ್ಲಿಲ್ಲ! ನಾರಾದಲ್ಲಿ ಬೆಳಿಗ್ಗೆ ಹತ್ತಕ್ಕೆ ಬಾಳೆಹಣ್ಣು ತಿಂದೆ, ಸಿಪ್ಪೆ ಹಾಕಕ್ಕೆ ಜಾಗ ಇಲ್ಲ. ಪಾರ್ಕಲ್ಲಿ ಇಲ್ಲ ಸ್ಟೇಷನ್ನಲ್ಲಿ ಇಲ್ಲ. ಜಿಂಕೆ ಬೇರೆ ಹಿಂದೆ ಬಿತ್ತು, ಅದಕ್ಕೆ ಅಲ್ಲಿ ಮಾರೋ ಬಿಸ್ಕತ್ತು ಬಿಟ್ಟು ಬೇರೇನೂ ಕೊಡಬಾರದಂತೆ. ಸಂಜೆ ಕ್ಯೋಟೋ ರೂಮಿಗೆ ಬರೋ ತನಕ ಕರ್ಚೀಫಲ್ಲಿ ಸುತ್ಕೊಂಡು ಬ್ಯಾಗಲ್ಲಿ ಇಟ್ಕೊಂಡಿದ್ದೆ, ಪಾಸ್‌ಪೋರ್ಟ್ ಪೂರ್ತಿ ಬಾಳೆಹಣ್ಣಿನ ವಾಸನೆ. 1995ರಲ್ಲಿ ಟೋಕಿಯೋ ಸಬ್‌ವೇನಲ್ಲಿ ಸರಿನ್ ವಿಷಾನಿಲ ಬಿಟ್ಟರಲ್ಲ, ಆಮೇಲೆ ಬುಟ್ಟಿ ತೆಗೆದ್ರು ಅಂತ ಗೈಡ್ ಹೇಳ್ದ. ಬುಟ್ಟಿ ಇಲ್ಲದೇನೂ ಅಷ್ಟು ಕ್ಲೀನ್. ನಮ್ಮಲ್ಲಿ ಬುಟ್ಟಿ ಇಟ್ರೆ ಬುಟ್ಟೀನೇ ಹೊತ್ಕೊಂಡು ಹೋಗ್ತಾರೆ.

ನಿಶಿಕಸಾಯಿ_ನಿವಾಸಿ:
ವಿಷಯಕ್ಕೆ ವಾಪಸ್ ಬರೋಣ. @ಜಯನಗರ ಇನ್ನೊಂದು ಸಲ ಹೋದ್ರೆ ಅಮ್ಮನ್ನ ಕೋಯಾಸಾನ್‌ಗೆ ಕರ್ಕೊಂಡು ಹೋಗಿ. ಒಸಾಕಾದಿಂದ ಟ್ರೇನು, ಕೊನೆಗೆ ಬೆಟ್ಟಕ್ಕೆ ಕೇಬಲ್ ಕಾರ್. 816ರಲ್ಲಿ ಕೂಕಾಯ್ ಅನ್ನೋ ಸನ್ಯಾಸಿಗೆ ಚಕ್ರವರ್ತಿ ಕೊಟ್ಟ ಜಾಗ, ಇವತ್ತಿಗೂ ಊರ ತುಂಬಾ ಮಠಗಳು, ಐವತ್ತಕ್ಕೂ ಹೆಚ್ಚು ಮಠದಲ್ಲಿ ಉಳ್ಕೋಬಹುದು. ಊಟ ಶೋಜಿನ್ ರಿಯೋರಿ, ಮೀನಿಲ್ಲ ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಥೇಟ್ ನಮ್ಮ ಮಠದ ಊಟ. ದಾಶಿ ಕೂಡ ಕೊಂಬು, ಅಣಬೆದೇ. ನನ್ನ ಅತ್ತೆ ಅಲ್ಲಿ ಮೂರು ಸಲ ಅನ್ನ ಹಾಕಿಸ್ಕೊಂಡ್ರು. ಬೆಳಿಗ್ಗೆ ಗೋಮ ನೋಡ್ಬೇಕು ನೀವು. ಅಗ್ನಿಕುಂಡ, ಸಮಿತ್ತು, ಎಣ್ಣೆ, ಮಂತ್ರ. ಹೋಮ ಅನ್ನೋದೇ ಗೋಮ ಆಗಿರೋದು. ಸಮಾಧಿ ಕಲ್ಲಿನ ಮೇಲೆ ಸಿದ್ಧಂ ಅನ್ನೋ ನಮ್ಮ ಹಳೇ ಸಂಸ್ಕೃತ ಲಿಪೀಲಿ ಬೀಜಾಕ್ಷರ.

ಪುಟ್ಟಕ್ಕ_ಮೈಸೂರು:
ಓ ಅದಕ್ಕೇನಾ ಅಲ್ಲಿ ಗೋಮ ತೋಫು ಅಂತ ಕೊಡೋದು! ಹೋಮದ ಪ್ರಸಾದನಾ?

ನಿಶಿಕಸಾಯಿ_ನಿವಾಸಿ:
ಅಲ್ಲ ಅಕ್ಕ 😂 ಆ ಗೋಮ ಅಂದ್ರೆ ಎಳ್ಳು. ಎಳ್ಳನ್ನ ರುಬ್ಬಿ ಹಾಲು ತೆಗೆದು ಕುಜು ಅನ್ನೋ ಬೇರಿನ ಹಿಟ್ಟು ಹಾಕಿ ಕಾಸ್ತಾರೆ. ನಮ್ಮ ಹಾಲುಬಾಯಿ ಥರ, ಸಿಹಿ ಇಲ್ಲದ್ದು. ತೋಫು ಅನ್ನೋದು ಹೆಸರಿಗೆ.

ಕಡಲ_ಬದಿಯ_ಭಟ್ಟ:
ಅಸಾಕುಸಾ ಹತ್ತಿರ ನಮ್ಮ ಗಣಪತಿಯೂ ಉಂಟು ಮಾರಾಯ್ರೆ, ಮತ್ಸುಚಿಯಾಮಾ ಅಂತ ದೇವಸ್ಥಾನ. ಅಲ್ಲಿ ಅವನಿಗೆ ಮೋದಕ ಅಲ್ಲ, ಮೂಲಂಗಿ ನೈವೇದ್ಯ! ಮೂರ್ತಿ ಮಾತ್ರ ತೋರಿಸುವುದಿಲ್ಲ, ಒಳಗೇ ಮುಚ್ಚಿ ಇಡುವುದು. ಕಾಣಿಕೆಗೆ ಐದು ಯೆನ್ ನಾಣ್ಯ ಹಾಕ್ತಾರೆ, ನಡುವೆ ತೂತು ಇರ್ತದಲ್ಲ ಅದು. ಗೋ ಎನ್ ಅಂದರೆ ಐದು ಯೆನ್ನೂ ಹೌದು, ಋಣಾನುಬಂಧವೂ ಹೌದು. ಆ ಪದಕ್ಕೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ವಿವರಣೆ ಓದಿದ್ದೆ, ಕನ್ನಡದಲ್ಲಿ ಒಂದೇ ಮಾತಿನಲ್ಲಿ ಮುಗೀತದೆ.

ಸುಮ್ನೆ_ಕೇಳ್ದೆ:
ಒಂದು ಪ್ರಶ್ನೆ. ಯಜಮಾನ್ರು ಕೈ ಅಡ್ಡ ಹಿಡಿದ ಮೇಲೆ ಏನಾಯ್ತು? ಬಾಗಿಲು ಹಾಕ್ಕೊಂಡ್ರಾ?

ಜಯನಗರ_ನಾಲ್ಕನೇ_ಬ್ಲಾಕ್:
ಇಲ್ಲ. ಈಗ ನೆನಪು ಮಾಡ್ಕೊಂಡ್ರೆ, ಅಮ್ಮ ಸಿಟ್ಟಲ್ಲಿ ಮುಂದೆ ಹೋಗಿಬಿಟ್ಟಿದ್ರು, ನಾನು ತಿರುಗಿದಾಗ ಅವರು ಏಪ್ರನ್‌ನಲ್ಲಿ ಕೈ ಒರೆಸ್ಕೊಳ್ತಾ ಬೀದಿಗೆ ಬಂದಿದ್ರು. ಸುಮಿಮಾಸೆನ್, ಅಂದ್ರೆ ಕ್ಷಮಿಸಿ ಅಂತ, ಎರಡು ಸಲ ಅಂದ್ರು. ಆಮೇಲೆ ಮಾರ್ಕೆಟ್ ಕಡೆ ಕೈ ತೋರಿಸಿ ಏನೋ ಹೇಳ್ತಿದ್ರು, "ತೋಫು" ಅನ್ನೋದು ಮಾತ್ರ ಕೇಳಿಸ್ತು. ಅಮ್ಮ ತಿರುವಲ್ಲಿ ಕಾಣೆಯಾಗ್ತಿದ್ರು ಅಂತ ನಾನು ಓಡಿದೆ.

ಒಗ್ಗರಣೆ_ಡಬ್ಬಿ:
ಲೋ!! ಇದನ್ನ ಮೊದ್ಲೇ ಹೇಳೋದಲ್ವೇನೋ!! ಇಷ್ಟು ಹೊತ್ತು ಇಲ್ಲಿ ಜನ ಕಿತ್ತಾಡಿದ್ರು.

ಖಡಕ್_ರೊಟ್ಟಿ:
ಪಾಪ ಆ ಮನಷ್ಯಾ ಒಲಿ ಬಿಟ್ಟು ಹೊರಗ ಬಂದಾನ, ನೀವು ಓಡಿ ಹೋಗೀರಿ.

ಸುಮ್ನೆ_ಕೇಳ್ದೆ:
ಸರಿ, ಈ ಕೇಸಲ್ಲಿ ನಾನು ಹಿಂದೆ ಸರಿದೆ. ಬಾಡಿಗೆ ಮನೆ ವಿಷಯದಲ್ಲಿ ಅಲ್ಲ.

ಒಂಟಿ_ಸಲಗಿ:
ಅಮ್ಮಂಗೆ ಹೇಳಿದ್ರಾ ಈಗ?

ಜಯನಗರ_ನಾಲ್ಕನೇ_ಬ್ಲಾಕ್:
ಈಗಷ್ಟೇ ಈ ಪುಟ ಪೂರ್ತಿ ಓದಿ ಹೇಳ್ದೆ. ಮೀನಿನ ಸಾರು, ಬೆಳಿಗ್ಗೆ ಇಳಿಸೋದು, ಹೊರಗೆ ಬಂದಿದ್ದು, ಎಲ್ಲಾ. ಹುಣಸೆಹಣ್ಣು ಬಿಡಿಸ್ತಾ ಕೇಳಿಸ್ಕೊಂಡ್ರು. "ಅದೆಲ್ಲಾ ಸರಿ, ಒಂದು ಲೋಟ ಬಿಸಿನೀರಾದ್ರೂ ಕೊಟ್ಟು ಕಳಿಸ್ಬೋದಿತ್ತು" ಅಂದ್ರು.

ಕಡಲ_ಬದಿಯ_ಭಟ್ಟ:
ಅದು ಸಮ. ಬೆಲ್ಲ ನೀರು ಕೊಡದವನ ಮನೆಯಲ್ಲಿ ಎಂತ ಇದ್ದರೆ ಎಂತ. ನಾನು ಅಮ್ಮನ ಪಾರ್ಟಿ.

ಬಾಳೆಸಿಪ್ಪೆ:
ನಾನೂ.

ಹೊಸಬ_2:
ಸರ್ ಮುಂದಿನ ತಿಂಗಳು ಫ್ಯಾಮಿಲಿ ಜೊತೆ ಬೆಂಗಳೂರಿಂದ ನರಿತಾಗೆ ಹೊರಟಿದೀವಿ. ಪುಳಿಯೋಗರೆ ಗೊಜ್ಜು, ಹಸಿ ಕರಿಬೇವು, ಚಿಕ್ಕ ಕುಕ್ಕರ್ ತಗೊಂಡು ಹೋಗ್ಬೋದಾ?

ನಿಶಿಕಸಾಯಿ_ನಿವಾಸಿ:
ಗೊಜ್ಜು ಆಗತ್ತೆ, ಚೆಕ್ಇನ್ ಬ್ಯಾಗಲ್ಲಿ ಹಾಕಿ, ಎರಡು ಕವರ್ ಸುತ್ತಿ. ಹಸಿ ಸೊಪ್ಪು, ಹಣ್ಣು ಬೇಡವೇ ಬೇಡ, ಗಿಡದ ತಪಾಸಣೆಯೋರು ಸರ್ಟಿಫಿಕೇಟ್ ಕೇಳ್ತಾರೆ. ಕುಕ್ಕರ್ ಯಾಕೆ, ರೂಮಲ್ಲಿ ಒಲೆ ಇದ್ಯಾ ಅಂತ ನೋಡ್ಕೊಳ್ಳಿ ಮೊದ್ಲು. ವಿಸಿಲ್ ಕೂಗಿದ್ರೆ ಪಕ್ಕದ ರೂಮಿನೋರು ಅರ್ಧ ಹೆಜ್ಜೆ ಸರಿಯೋಕೂ ಜಾಗ ಇರಲ್ಲ ಅಲ್ಲಿ.